ದಿನ ಬಿಟ್ಟು ದಿನ

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯ ಬಸವನಕೊಪ್ಪಲಿನಲ್ಲಿ ದನದ ಡಾಕ್ಟರಾಗಿದ್ದ ಷಣ್ಮುಖಪ್ಪನಿಗೆ ತನ್ನ ಕೈಗುಣದ ಬಗ್ಗೆ ಎಂದೂ ಅಳುಕಿರಲಿಲ್ಲ. ಅವನ ಅಳುಕೆಲ್ಲ ಇಂಗ್ಲಿಷಿನದು. ಕೃಷ್ಣರಾಜನಗರದ ಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದವರ ಮಗ ಅವನು. ಹೈಸ್ಕೂಲಿಗೆ ಬರುವ ತನಕ ಓದಿದ್ದೆಲ್ಲ ಕನ್ನಡದಲ್ಲಿ. ಆಮೇಲೆ ಮದರಾಸಿಗೆ ಹೋಗಿ ಪಶುವೈದ್ಯ ಕಲಿಯುವಾಗ ದಪ್ಪ ದಪ್ಪ ಪುಸ್ತಕಗಳನ್ನು ಪುಟಗಟ್ಟಲೆ ಬಾಯಿಪಾಠ ಮಾಡಿ ಪಾಸಾಗಿದ್ದ. ಓದಿದರೆ ತಿಳಿಯುತ್ತಿತ್ತು. ಆದರೆ ತನ್ನದೇ ಒಂದು ಮಾತನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದರೆ ನಾಲಗೆ ಒಣಗುತ್ತಿತ್ತು.

ಮದರಾಸಿನಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದವನು ಮಿರ್ಲೆಯ ಒಕ್ಕಲು ಮನೆತನದ ಚಲುವಯ್ಯ. ಚಲುವಯ್ಯನಿಗೆ ಇಂಗ್ಲಿಷು ನೀರು ಕುಡಿದಷ್ಟು ಸಲೀಸು. ರಜೆಯ ಅರ್ಜಿಯಿಂದ ಹಿಡಿದು ಹಾಸ್ಟೆಲಿನ ಸಾರು ನೀರಾಗಿದೆ ಎಂಬ ದೂರಿನವರೆಗೆ ಷಣ್ಮುಖಪ್ಪನ ಬರವಣಿಗೆಯನ್ನೆಲ್ಲ ಅವನೇ ಮಾಡಿಕೊಡುತ್ತಿದ್ದ. ಓದು ಮುಗಿದ ಮೇಲೆ ಚಲುವಯ್ಯನನ್ನು ಜನ ಬರೀ ಕೋಟೆ ಎನ್ನುವ ಹೆಗ್ಗಡದೇವನಕೋಟೆಗೆ ಹಾಕಿದರು, ಇವನನ್ನು ಬಸವನಕೊಪ್ಪಲಿಗೆ. ಸ್ನೇಹ ಹಾಗೇ ಉಳಿಯಿತು.

ಬಸವನಕೊಪ್ಪಲಿನ ಸುತ್ತ ಹೊಗೆಸೊಪ್ಪು ಬೆಳೆಯುವವರೇ ಹೆಚ್ಚು. ಎಲೆ ಮುರಿದುಕೊಂಡು ಬಿಸಿಗೆ ಒಣಗಿಸಿ ಬೇಯಿಸಲು ಹಾಕಿದ ಮೇಲೆ ಗಿಡದ ಕಡ್ಡಿಯನ್ನು ಬದುವಿನ ಮೇಲೆ ರಾಶಿ ಹಾಕಿ ಸುಟ್ಟುಬಿಡುತ್ತಿದ್ದರು. ಷಣ್ಮುಖಪ್ಪ ಆ ಕಡ್ಡಿಯನ್ನು ಕುದಿಸಿ, ಸೋಸಿ, ಅದಕ್ಕೆ ಚಿಟಿಕೆ ಲೆಕ್ಕದಲ್ಲಿ ಮೈಲುತುತ್ತ ಬೆರೆಸಿ, ಹೊಟ್ಟೆಹುಳು ಬಿದ್ದ ಕುರಿಗಳಿಗೆ ಬಿದಿರಿನ ಗೊಟ್ಟದಲ್ಲಿ ಕುಡಿಸಿ ನೋಡಿದ. ಮಳೆಗಾಲದಲ್ಲಿ ಗದ್ದದ ಕೆಳಗೆ ನೀರು ತುಂಬಿಕೊಂಡು, ಕಾಲೆಳೆಯುತ್ತ ಸಾಯುತ್ತಿದ್ದ ಕುರಿಗಳು ಎದ್ದು ಮೇಯತೊಡಗಿದವು. ಊರೂರು ತಿರುಗಿ, ಎರಡು ಮಳೆಗಾಲ ಮಂದೆ ಮಂದೆಗೆ ಕುಡಿಸಿ ಗುಣ ಕಂಡುಕೊಂಡ. ಅದರಲ್ಲಿ ಒಂದು ಎಚ್ಚರ ಇತ್ತು. ಇವತ್ತು ಕುಡಿಸಿದರೆ ನಾಳೆ ಬಿಡಬೇಕು, ನಾಳಿದ್ದು ಮತ್ತೆ ಕುಡಿಸಬೇಕು. ಹಿಕ್ಕೆಯಲ್ಲಿ ಹುಳು ಬೀಳುವುದು ನಿಲ್ಲುವ ತನಕ ಹೀಗೆ ನಡೆಯಬೇಕು. ಕುರಿಯ ಮೈ ತುತ್ತವನ್ನು ಬೇಗ ಹೊರಗೆ ಹಾಕುವುದಿಲ್ಲ, ಬಿಡುವು ಕೊಡದಿದ್ದರೆ ಔಷಧವೇ ವಿಷವಾಗುತ್ತದೆ.

ಇದನ್ನೆಲ್ಲ ಬರೆದು, ಪಶುವೈದ್ಯರಿಗಾಗಿ ಉತ್ತರ ಭಾರತದಿಂದ ಬರುತ್ತಿದ್ದ ಒಂದು ಇಂಗ್ಲಿಷ್ ಪತ್ರಿಕೆಗೆ ಕಳಿಸಬೇಕೆಂದು ಷಣ್ಮುಖಪ್ಪನಿಗೆ ಆಸೆಯಾಯಿತು. ಚಲುವಯ್ಯನಿಗೆ ಹೇಳಿದ್ದರೆ ಒಂದು ಭಾನುವಾರ ಬಂದು ಕೂತು ಬರೆದುಕೊಡುತ್ತಿದ್ದ. ಇದೊಂದನ್ನಾದರೂ ಅವನ ಹಂಗಿಲ್ಲದೆ ಮಾಡಬೇಕು ಎಂದು ಷಣ್ಮುಖಪ್ಪ ಅವನಿಗೆ ಸುದ್ದಿಯನ್ನೇ ಕೊಡಲಿಲ್ಲ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಕನ್ನಡದಲ್ಲಿ ಯೋಚಿಸಿ ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸಿ ಬರೆದ. ದಿನ ಬಿಟ್ಟು ದಿನ ಎನ್ನುವುದಕ್ಕೆ ‘ಡೇ ಲೀವಿಂಗ್ ಡೇ’ ಎಂದು ಬರೆದ. ದಿನಕ್ಕೆ ಡೇ, ಬಿಟ್ಟು ಎನ್ನುವುದಕ್ಕೆ ಲೀವಿಂಗ್. ಅದರಲ್ಲಿ ತಪ್ಪೇನಾದರೂ ಇದ್ದೀತು ಎಂದು ಅವನಿಗೆ ಹೊಳೆಯಲೇ ಇಲ್ಲ.

ಸರ್ಕಾರಿ ನೌಕರನಾದ್ದರಿಂದ ಲೇಖನ ಮೇಲಧಿಕಾರಿಗಳ ಮೂಲಕವೇ ಹೋಗಬೇಕಿತ್ತು, ಉತ್ತರವೂ ಅವರ ಮೂಲಕವೇ ಬರಬೇಕಿತ್ತು. ಅಚ್ಚು ಹಾಕುವ ಮೊದಲು ಲೇಖನವನ್ನು ಬಲ್ಲವರೊಬ್ಬರಿಗೆ ತೋರಿಸಿ ಅಭಿಪ್ರಾಯ ಕೇಳುವುದು ಆ ಪತ್ರಿಕೆಯ ಪದ್ಧತಿ. ಬಲ್ಲವರು ಯಾರು ಎಂದು ಬರೆದವನಿಗೆ ತಿಳಿಸುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ, ಜಿಲ್ಲೆಯ ಡಾಕ್ಟರುಗಳೆಲ್ಲ ಮೈಸೂರಿನಲ್ಲಿ ಸೇರುವ ಮಾಸಿಕ ಸಭೆಯ ದಿನ, ಆಫೀಸಿನ ಹೆಡ್ ಕ್ಲರ್ಕು ಷಣ್ಮುಖಪ್ಪನ ಕೈಗೆ ಲಕೋಟೆ ಕೊಟ್ಟರು. ಅದು ಆಗಲೇ ಒಡೆದಿತ್ತು.

ಒಳಗೆ ಅವನ ಲೇಖನವೇ ವಾಪಸು ಬಂದಿತ್ತು, ಜೊತೆಗೆ ಟೈಪು ಮಾಡಿದ ನಾಲ್ಕು ಸಾಲು. ಲೇಖಕರ ಇಂಗ್ಲಿಷ್ ಅರ್ಥವಾಗುವಂತಿಲ್ಲ, ಆದಕಾರಣ ಕೆಲಸ ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಸಾಧ್ಯವಾಗಲಿಲ್ಲ, ಇಂಗ್ಲಿಷ್ ಬಲ್ಲವರಿಂದ ಮತ್ತೆ ಬರೆಸಿ ಕಳಿಸಿದರೆ ನೋಡಬಹುದು. ಹಾಳೆಗಳ ಅಂಚಿನಲ್ಲೆಲ್ಲ ಕೆಂಪು ಶಾಯಿ. ‘ಡೇ ಲೀವಿಂಗ್ ಡೇ’ ಎಂಬಲ್ಲಿ ಅಡಿಗೆರೆ ಎಳೆದು ಮೂರು ಪ್ರಶ್ನೆಯ ಗುರುತು ಹಾಕಿದ್ದರು.

“ಏನ್ ಡಾಕ್ಟ್ರೇ, ಡೇ ಎಲ್ಲಿಗೆ ಲೀವ್ ಹಾಕ್ಕೊಂಡು ಹೋಯ್ತು?” ಎಂದರು ಹೆಡ್ ಕ್ಲರ್ಕು.

ಬೆಂಚಿನ ಮೇಲಿದ್ದ ಡಾಕ್ಟರುಗಳು ನಕ್ಕರು. ಅಲ್ಲಿದ್ದವರೆಲ್ಲ ಕನ್ನಡದವರೇ. ಆ ಮಾತಿನ ಅರ್ಥ ಎಲ್ಲರಿಗೂ ಸರಾಗವಾಗಿ ಆಗಿತ್ತು, ಆಗಿದ್ದಕ್ಕೇ ನಗು ಜೋರಾಗಿತ್ತು. ಷಣ್ಮುಖಪ್ಪನೂ ಅವರ ಜೊತೆ ನಕ್ಕ. ಆ ನಗು ಅವನಿಗೆ ಬಹಳ ದಿನ ಬಾಯಲ್ಲಿ ಕಹಿಯಾಗಿ ಉಳಿಯಿತು. ಮುಂದಿನ ತಿಂಗಳಿಂದ ಸಭೆಯಲ್ಲಿ ಅವನು ಕಂಡೊಡನೆ ಯಾರಾದರೊಬ್ಬರು “ಬಂದ್ರಪ್ಪಾ ಡೇ ಲೀವಿಂಗ್ ಡೇ” ಎನ್ನುವುದು ರೂಢಿಯಾಯಿತು. ಲಕೋಟೆ ಬಂದ ಆ ದಿನವೂ, ಆಮೇಲಿನ ಕೆಲವು ತಿಂಗಳೂ ಕೋಟೆಯ ಕಡೆ ಕಾಲುಬಾಯಿ ಜ್ವರವಿದ್ದುದರಿಂದ ಚಲುವಯ್ಯ ಸಭೆಗೆ ಬಂದಿರಲಿಲ್ಲ. ಸದ್ಯ ಅವನು ಇರಲಿಲ್ಲವಲ್ಲ ಎಂದು ಷಣ್ಮುಖಪ್ಪ ಸಮಾಧಾನ ಪಟ್ಟುಕೊಂಡ. ಮುಂದೆಯೂ ಅವನ ಕಿವಿಗೆ ಇದು ಬೀಳದಂತೆ ನೋಡಿಕೊಂಡ.

ಇಂಗ್ಲಿಷ್ ಬಲ್ಲವರು ಬೇಕಿತ್ತು. ಹುಣಸೂರಿನ ಹೊರಗೆ ಒಂದು ಹಳೇ ಬಂಗಲೆಯಲ್ಲಿ ಮಿಸೆಸ್ ಟ್ರೆಂಟ್ ಎಂಬ ಇಂಗ್ಲೆಂಡಿನ ಹೆಂಗಸು ಇದ್ದರು. ಗಂಡ ಕೊಡಗಿನ ಕಾಫಿ ತೋಟದಲ್ಲಿ ಮ್ಯಾನೇಜರಾಗಿದ್ದವರು. ಅವರು ತೀರಿಕೊಂಡ ಮೇಲೂ ಈಕೆ ಊರಿಗೆ ಹೋಗದೆ ನಾಯಿಗಳನ್ನು ಸಾಕಿಕೊಂಡು ಇಲ್ಲೇ ಉಳಿದಿದ್ದರು. ಆ ನಾಯಿಗಳಿಗೆ ಔಷಧ ಕೊಡಲು ಷಣ್ಮುಖಪ್ಪ ಆಗಾಗ ಹೋಗುತ್ತಿದ್ದ. ಆಕೆಗೆ ಆಳುಕಾಳುಗಳ ಜೊತೆ ಮಾತಾಡಿ ಬಂದ ಕನ್ನಡವಿತ್ತು. ಮೊದಮೊದಲು ಇವನನ್ನೂ ಕನ್ನಡದಲ್ಲೇ ಮಾತಾಡಿಸಿದ್ದರು. ಷಣ್ಮುಖಪ್ಪ ಪ್ರತಿಸಲವೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ. ಕನ್ನಡದಲ್ಲಿ ಉತ್ತರ ಕೊಟ್ಟರೆ ಅಡಿಗೆಯವನ ಸಾಲಿಗೆ ಸೇರಿಬಿಡುತ್ತೇನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಆಮೇಲೆ ಆಕೆಯೂ ಇಂಗ್ಲಿಷಿಗೇ ಬಂದರು.

ಲೇಖನ ತಿದ್ದಿಕೊಡಬೇಕೆಂದು ಕೇಳಿದಾಗ ಆಕೆ ಸಂತೋಷವಾಗಿಯೇ ಒಪ್ಪಿದರು. ಒಂದು ಮಧ್ಯಾಹ್ನ ಜಗಲಿಯ ಮೇಲೆ ಎದುರುಬದುರು ಕೂತು ಕೆಲಸ ಶುರುವಾಯಿತು. ಆಕೆ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುವರು, ನಿಲ್ಲಿಸುವರು, ನಿಮ್ಮ ಅರ್ಥವೇನು ಎಂದು ಕೇಳುವರು.

ಕುರಿಗಳು ಮೇವು ಬಿಟ್ಟವು ಎಂಬುದನ್ನು ಇವನು ‘ಹುಲ್ಲನ್ನು ಬಿಟ್ಟು ಹೋದವು’ ಎಂಬಂತೆ ಬರೆದಿದ್ದ. “ಎಲ್ಲಿ ಬಿಟ್ಟು ಹೋದವು, ಡಾಕ್ಟರ್?” ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು. ಅಣಕಿಸಿ ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಷಣ್ಮುಖಪ್ಪ ತಲೆ ಅಲ್ಲಾಡಿಸಿ, ಬಾಯಿ ಮುಚ್ಚಿ ತೋರಿಸಿ, ತಿನ್ನುವುದಿಲ್ಲ ಎಂದು ವಿವರಿಸಿದ. ಕುರಿಗಳ ಗದ್ದದ ಕೆಳಗೆ ನೀರು ತುಂಬಿತು ಎಂಬಲ್ಲಿ ಮಾತು ಮತ್ತೆ ತಡೆಯಿತು. ಗೊಟ್ಟ ಎಂದರೇನು ಎಂದು ಹೇಳುವಷ್ಟರಲ್ಲಿ ಅವನ ಕಾಲರು ಒದ್ದೆಯಾಗಿತ್ತು. ಬಾಗಿಲ ಬಳಿ ನಿಂತಿದ್ದ ಅಡಿಗೆಯವನು ಎಲ್ಲವನ್ನೂ ನೋಡುತ್ತಿದ್ದ.

ಆಮೇಲೆ ಆ ಸಾಲು ಬಂತು. ಆಕೆ ಪೆನ್ಸಿಲಿನಿಂದ ‘ಲೀವಿಂಗ್’ ಎಂಬುದನ್ನು ಹೊಡೆದು ಅದರ ಮೇಲೆ ‘ಆಫ್ಟರ್’ ಎಂದು ಬರೆದರು. “ಡೇ ಆಫ್ಟರ್ ಡೇ. ಇದೇ ತಾನೇ ನೀವು ಹೇಳಬೇಕೆಂದಿದ್ದು?”

ಷಣ್ಮುಖಪ್ಪನ ಒಳಗೆ ಏನೋ ತಡೆಯಿತು. ಒಂದು ದಿನವಾದ ಮೇಲೆ ಒಂದು ದಿನ. ಮಧ್ಯೆ ಬಿಡುವು ಇದೆಯೋ ಇಲ್ಲವೋ? ಡೇ ಆಫ್ಟರ್ ಟುಮಾರೋ ಎಂದರೆ ನಾಳೆಯನ್ನು ಬಿಟ್ಟು ನಾಳಿದ್ದು. ಹಾಗಾದರೆ ಡೇ ಆಫ್ಟರ್ ಡೇ ಎಂದರೂ ಮಧ್ಯೆ ಒಂದು ದಿನ ಬಿಟ್ಟೇ ಇರಬೇಕು. ಹಾಗೆ ಲೆಕ್ಕ ಹಾಕಿಕೊಂಡ. ಲೆಕ್ಕ ಸರಿಯೋ ಎಂದು ಕೇಳಬೇಕಾದರೆ ಮತ್ತೆ ಆ ‘ಲೀವಿಂಗ್’ ಎಂಬ ಮಾತನ್ನು ಬಾಯಿಬಿಟ್ಟು ಹೇಳಬೇಕಿತ್ತು. ಮೈಸೂರಿನ ಬೆಂಚಿನ ಮೇಲಿನ ನಗು ಕಿವಿಯಲ್ಲೇ ಇತ್ತು. ಕೆಂಪು ಅಡಿಗೆರೆ ಕಣ್ಣೆದುರೇ ಇತ್ತು. ಆಕೆ ಪೆನ್ಸಿಲು ಹಿಡಿದು ಕಾಯುತ್ತಿದ್ದರು.

“ಯೆಸ್ ಮೇಡಂ,” ಎಂದ.

ಆಕೆ ಮುಂದಿನ ಸಾಲಿಗೆ ಹೋದರು.

ಲೇಖನ ಈ ಸಲ ಒಪ್ಪಿಗೆಯಾಯಿತು. ಅಚ್ಚಿಗೆ ಮುಂಚೆ ಪ್ರೂಫು ಬಂದಾಗ ಷಣ್ಮುಖಪ್ಪ ಕಾಗುಣಿತವನ್ನಷ್ಟೇ ನೋಡಿ, ಸಹಿ ಹಾಕಿ ಕಳಿಸಿದ. ಪತ್ರಿಕೆ ಕೈಗೆ ಬಂದ ದಿನ ಹೆಂಡತಿ ಸರ್ವಮಂಗಳ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಮಾಸಿಕ ಸಭೆಯಲ್ಲಿ ಜಿಲ್ಲಾ ಪಶುವೈದ್ಯ ಅಧಿಕಾರಿಗಳು ಅವನ ಹೆಸರು ಹೇಳಿ ಹೊಗಳಿದರು. ಅಡ್ಡಹೆಸರು ಕರೆಯುವವರು ಸುಮ್ಮನಾದರು. ಷಣ್ಮುಖಪ್ಪ ಒಂದು ಪ್ರತಿಯನ್ನು ಕೋಟೆಗೆ ಚಲುವಯ್ಯನ ಹೆಸರಿಗೆ ಅಂಚೆಯಲ್ಲಿ ಕಳಿಸಿದ. ಚಲುವಯ್ಯ ಕಾರ್ಡು ಬರೆದ: ‘ಭಲೆ ಕಣೋ. ನನಗೆ ಒಂದು ಮಾತೂ ಹೇಳದೆ ಇಷ್ಟು ಚೆನ್ನಾಗಿ ಬರೆದುಬಿಟ್ಟೆಯಲ್ಲ. ನಮ್ಮ ಕಡೆಯೂ ಹುಳುವಿನ ಕಾಟ ಬಹಳ. ಈ ಮಳೆಗಾಲ ನಿನ್ನ ಔಷಧವನ್ನೇ ಮಾಡುತ್ತೇನೆ.’ ಆ ಕಾರ್ಡನ್ನು ಷಣ್ಮುಖಪ್ಪ ಎರಡು ಮೂರು ಸಲ ಓದಿ ಹಿಗ್ಗಿದ.

ಮಳೆಗಾಲ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಚಲುವಯ್ಯ ಹೇಳದೆ ಕೇಳದೆ ಬಂದ. ಬಸ್ಸಿಳಿದು ಕೆಸರಿನಲ್ಲಿ ನಡೆದು ಬಂದಿದ್ದ. ಗಡ್ಡ ಬೋಳಿಸಿರಲಿಲ್ಲ. ಷಣ್ಮುಖಪ್ಪ ಆಸ್ಪತ್ರೆಯ ಬಾಗಿಲು ಹಾಕಿಸಿ ಮನೆಗೆ ಕರೆದುಕೊಂಡು ಹೋದ. ಸರ್ವಮಂಗಳ ಎಲೆ ಹಾಕಿದಳು.

“ಊಟ ಸೇರಾಕಿಲ್ಲ ಕಣ್ರೀ ತಂಗಿ, ಮಜ್ಜಿಗೆ ಅನ್ನ ಒಂದೀಟು ಹಾಕಿ ಸಾಕು,” ಎಂದ ಚಲುವಯ್ಯ. ಆಮೇಲೆ ಷಣ್ಮುಖಪ್ಪನ ಕಡೆ ತಿರುಗಿದ. “ಬೀಚನಹಳ್ಳಿ ಹತ್ರ ಸಣ್ಣಬೀರಯ್ಯ ಅಂತ ಕುರಿ ಸಾಕಿರೋನು ಒಬ್ಬ ಅವ್ನೆ. ಅವನ ಮಂದೆಗೆ ಹುಳ ಬಿದ್ದಿತ್ತು. ನಿನ್ನ ಔಷಧ ಕೊಟ್ಟೆ. ಅರ್ಧಕ್ಕರ್ಧ ಮಂದೆ ಹೋಯ್ತು ಕಣೋ.”

ಷಣ್ಮುಖಪ್ಪ ತುತ್ತು ಕೆಳಗಿಟ್ಟ. “ಹೋಯ್ತು ಅಂದ್ರೆ?”

“ಸತ್ತೋದ್ವು. ಮೊದ್ಲು ಮೇವು ಬಿಟ್ವು. ಆಮೇಲೆ ಕಣ್ಣು ಹಳದಿ ತಿರುಗ್ತು, ಉಚ್ಚೆ ಕಾಫಿ ಬಣ್ಣ. ಕುಯ್ದು ನೋಡ್ದೆ, ಒಳಗೆಲ್ಲ ಅರಿಶಿನ ಬಳಿದಂಗೆ. ತುತ್ತದ ವಿಷ, ಅನುಮಾನವೇ ಇಲ್ಲ. ತೂಕದಲ್ಲಿ ಎಲ್ಲೋ ನನ್ನ ಕೈ ತಪ್ಪಿದೆ. ತಕ್ಕಡಿ ಹಳೇದು. ಅದೇ ಇರಬೇಕು. ಕಾಂಪೌಂಡರ್‌ ಮೇಲೆ ಹಾಕೋಕೂ ಆಗಲ್ಲ, ನಾನೇ ನಿಂತು ತೂಗಿದ್ದು.”

“ಎಷ್ಟು ದಿನ ಕೊಟ್ಟೆ?”

“ದಿನಾ ಕೊಟ್ಟೆ. ನೀನು ಬರೆದಂಗೇ. ಹುಳ ಬೀಳೋದು ನಿಲ್ಲೋವರ್ಗೂ ದಿನಾ. ನಂಗೂ ಒಂದ್ ಗಳಿಗೆ ಅನ್ನಿಸ್ತು, ಕುರಿಗೆ ಇಷ್ಟೊಂದು ತುತ್ತವಾ ಅಂತ. ಆದ್ರೆ ಎರಡು ಮಳೆಗಾಲ ಕೈಯಾರೆ ಮಾಡಿ ನೋಡಿರೋನು ನೀನು. ನಿನ್ನ ಮಾತಿನ ಮೇಲೆ ನಂದೇನು ಅನ್ಕೊಂಡೆ.”

ಷಣ್ಮುಖಪ್ಪನಿಗೆ ಆ ಕ್ಷಣದಲ್ಲೇ ತಿಳಿಯಿತು, ಡೇ ಆಫ್ಟರ್ ಡೇ ಎಂದರೆ ಬಿಡುವಿಲ್ಲದೆ ದಿನವೂ ಎಂದು. ಪತ್ರಿಕೆ ತೆಗೆದು ನೋಡಬೇಕಾಗಿರಲಿಲ್ಲ. ಜಗಲಿಯ ಮೇಲೆ ಒಳಗೆ ತಡೆದದ್ದು ಏನೆಂದು ಈಗ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹೇಳಬೇಕೆಂದು ಬಾಯಿ ತೆರೆದ. “ಇನ್ನೊಂದು ಸ್ವಲ್ಪ ಮಜ್ಜಿಗೆ ಹಾಕ್ಸ್ಕೊ,” ಎಂದ.

“ಬೇಡ ಕಣೋ. ಜಿಲ್ಲಾ ಅಧಿಕಾರಿಗಳು ವಿಚಾರಣೆಗೆ ಬತ್ತಾ ಅವ್ರೆ. ನಿನ್ನ ಔಷಧಕ್ಕೆ ಕೆಟ್ಟ ಹೆಸರು ಬರಬಾರದು, ತಪ್ಪು ನಂದೇ ಅಂತ ಬರ್ಕೊಡ್ತೀನಿ. ಅದ್ನ ಹೇಳೋಕೇ ಬಂದೆ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳೋದು ಬೇಡ ಅಂತ.”

ಚಲುವಯ್ಯ ಕೈತೊಳೆದು, ನಾಲ್ಕು ಗಂಟೆಯ ಬಸ್ಸಿಗೆ ಹೊರಟ. ಷಣ್ಮುಖಪ್ಪ ಬಸ್ಸಿನವರೆಗೂ ಹೋದ. ದಾರಿಯುದ್ದಕ್ಕೂ ಈಗ ಹೇಳುತ್ತೇನೆ, ಆ ಮರ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಬಸ್ಸು ಬಂತು. ಚಲುವಯ್ಯ ಹತ್ತಿ ಕೂತು ಕಿಟಕಿಯಿಂದ ಕೈಯೆತ್ತಿದ. ಇವನೂ ಕೈಯೆತ್ತಿದ.

ಮನೆಗೆ ಬಂದಾಗ ಸರ್ವಮಂಗಳ ಎಲೆ ತೆಗೆದು ನೆಲ ಬಳಿದ ಜಾಗದಲ್ಲೇ ನಿಂತಿದ್ದಳು. ಆಕೆ ಓದಿದ್ದು ಕಡಿಮೆ. ಆದರೆ ಗಂಡ ಎರಡು ಮಳೆಗಾಲ ಹಿತ್ತಲಿನ ಒಲೆಯಲ್ಲೇ ಕಡ್ಡಿ ಕುದಿಸಿದ್ದನ್ನು ಕಂಡವಳು.

“ದಿನಾ ಕೊಟ್ಟೆ ಅಂದ್ರಲ್ಲ ಅವ್ರು,” ಎಂದಳು. “ನೀವು ಒಂದಿನ ಕುಡಿಸಿ ಒಂದಿನ ಬಿಡ್ತಿದ್ರಿ. ಬಿಡುವಿನ ದಿನ ಪಾತ್ರೆ ಉಜ್ಜಿಡ್ತಿದ್ದೋಳು ನಾನು.”

ಷಣ್ಮುಖಪ್ಪ ಬಾಗಿಲಲ್ಲೇ ಕೆಸರು ಮೆತ್ತಿದ ಚಪ್ಪಲಿ ಬಿಚ್ಚತೊಡಗಿದ.

“ಅವರಿಗೆ ಹೇಳಿದ್ರಾ?”

“ಇಲ್ಲ.”

“ಯಾಕ್ರೀ?”

ಇಂಗ್ಲಿಷು ಬರುವುದಿಲ್ಲವೆಂದು ನಾಚಿಕೊಂಡದ್ದು ಒಂದು ಕಥೆ. ಇವತ್ತು ಗೆಳೆಯನ ಎದುರು ಬಾಯಿ ಕಟ್ಟಿದ್ದು ಕನ್ನಡದಲ್ಲೇ. ಸರ್ವಮಂಗಳ ಮತ್ತೇನೂ ಕೇಳದೆ ಒಳಗೆ ಹೋದಳು. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅದಾದ ಮೇಲೂ ಕೆಲವು ದಿನ ಅವನು ಕೋಟೆಗೆ ಹೋಗಲಿಲ್ಲ. ಕೊಮ್ಮೂರಿನವರ ಹಸು ಕರು ಹಾಕುವುದಿದೆ, ಮಳೆ ಜೋರಾಗಿದೆ, ಕಪಿಲಾ ಹೊಳೆ ತುಂಬಿದೆಯಂತೆ ಎಂದು ದಿನಕ್ಕೊಂದು ನೆಪ ಹುಡುಕಿಕೊಂಡ. ಪತ್ರಿಕೆಯವರಿಗೆ ತಪ್ಪೊಪ್ಪಿಗೆ ಬರೆಯುವುದೇ ಮೊದಲು ಆಗಬೇಕಾದ ಕೆಲಸ, ಆಮೇಲೆ ಕೋಟೆಗೆ ಹೋದರಾಯಿತು ಎಂದು ತನಗೆ ತಾನೇ ಹೇಳಿಕೊಂಡು ಮಿಸೆಸ್ ಟ್ರೆಂಟರ ಬಂಗಲೆಗೆ ಹೋದ.

ಆಕೆ ಜಗಲಿಯಲ್ಲೇ ಇದ್ದರು. ಷಣ್ಮುಖಪ್ಪ ಇಂಗ್ಲಿಷಿನಲ್ಲಿ ಶುರು ಮಾಡಿ, ಕುರಿಗಳು ಸತ್ತವು ಎಂಬಲ್ಲಿಯವರೆಗೆ ಬಂದು ನಿಂತ. ಮುಂದಕ್ಕೆ ಇಂಗ್ಲಿಷು ಹೊರಡಲಿಲ್ಲ. “ದಿನ ಬಿಟ್ಟು ದಿನ,” ಎಂದ ಕನ್ನಡದಲ್ಲಿ. “ನಾನು ಬರೆದದ್ದು ಅದು, ಮೇಡಂ.”

ಆಕೆ ಕನ್ನಡಕ ತೆಗೆದರು. “ದಿನ ಬಿಟ್ಟು ದಿನ?” ಅಡಿಗೆಮನೆಯ ಕನ್ನಡದಲ್ಲೇ ಕೇಳಿದರು. “ಅಗಸ ಬರೋದು ದಿನ ಬಿಟ್ಟು ದಿನ. ಅದಾ?”

“ಅದೇ.”

“ಅಯ್ಯೋ ದೇವರೇ. ಅದು ನನಗೆ ಗೊತ್ತು. ಗೊತ್ತಿತ್ತು. ಯಾಕೆ ಆವತ್ತು ಕನ್ನಡದಲ್ಲಿ ಹೇಳಲಿಲ್ಲ?”

ಷಣ್ಮುಖಪ್ಪ ನೆಲ ನೋಡಿದ. ಆಕೆ ಕಾಗದ ತರಿಸಿದರು. ತಪ್ಪು ತನ್ನದೂ ಹೌದೆಂದು ಬರೆಯಲು ಹೊರಟರು. ಷಣ್ಮುಖಪ್ಪ ಬೇಡವೆಂದ. ನೀವು ಕೇಳಿದಿರಿ, ಹೌದು ಎಂದವನು ನಾನು ಎಂದ. ಅಷ್ಟನ್ನೂ ಕನ್ನಡದಲ್ಲೇ ಹೇಳಿದ. ಹೇಳಿದ್ದು ಆಕೆಗೆ ಪೂರ್ತಿ ಅರ್ಥವಾಯಿತು. ಕಾಗದ ಬರೆದು ಮುಗಿಸಿ ಆಕೆ, ಆ ಕುರಿಯವರಿಗೆ, ನಿಮ್ಮ ಗೆಳೆಯರಿಗೆ ಹೇಳಿದಿರಾ ಎಂದು ಕೇಳಿದರು. ಇಲ್ಲ ಎಂದ. ಒಂದೇ ಪ್ರಶ್ನೆಗೆ ಎರಡನೆಯ ಸಲ ಇಲ್ಲ ಎನ್ನುವಾಗ ಅವನಿಗೆ ಅಲ್ಲಿ ಕೂತಿರಲಾಗಲಿಲ್ಲ.

ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿದ. ಕೋಟೆ ತಲುಪಿದಾಗ ಚಲುವಯ್ಯ ಆಸ್ಪತ್ರೆಯಲ್ಲಿರಲಿಲ್ಲ. ಜಿಲ್ಲಾ ಅಧಿಕಾರಿಗಳು ಜೀಪಿನಲ್ಲಿ ಬಂದು ಅವನನ್ನು ಬೀಚನಹಳ್ಳಿಗೆ ಕರೆದುಕೊಂಡು ಹೋಗಿದ್ದಾರೆ ಎಂದು ಕಾಂಪೌಂಡರು ಹೇಳಿದ. ಷಣ್ಮುಖಪ್ಪ ಎತ್ತಿನ ಗಾಡಿಯೊಂದನ್ನು ಹಿಡಿದು ಹೋದ.

ಹೊಳೆಯ ದಂಡೆಗೆ ಸ್ವಲ್ಪ ಮೇಲೆ ಮುಳ್ಳಿನ ಬೇಲಿ ಹಾಕಿದ ಕುರಿಹಟ್ಟಿ. ಉಳಿದ ಕುರಿಗಳು ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಅಧಿಕಾರಿಗಳು ಒಂದು ಕುರ್ಚಿಯಲ್ಲಿ ಕೂತಿದ್ದರು. ಚಲುವಯ್ಯ ಅವರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಎದುರಿಗೆ ಕಂಬಳಿ ಹೊದ್ದ ಸಣ್ಣಬೀರಯ್ಯ, ಅವನ ಹೆಂಡತಿ ಚಿಕ್ಕಬೀರಮ್ಮ. ಷಣ್ಮುಖಪ್ಪನನ್ನು ಕಂಡು ಚಲುವಯ್ಯನ ಮುಖ ಅರಳಿತು. ತನ್ನ ಪರವಾಗಿ ಮಾತಾಡಲು ಬಂದಿದ್ದಾನೆ ಎಂದುಕೊಂಡಿರಬೇಕು.

“ಸಾರ್, ಚಲುವಯ್ಯನದು ತಪ್ಪಿಲ್ಲ,” ಎಂದ ಷಣ್ಮುಖಪ್ಪ. “ತೂಕವೂ ಸರಿ ಇದೆ. ನಾನು ಬರೆದದ್ದೇ ತಪ್ಪು. ದಿನ ಬಿಟ್ಟು ದಿನ ಕೊಡಬೇಕಾದ ಔಷಧ. ಅಚ್ಚಿನಲ್ಲಿ ದಿನಾ ಕೊಡಬೇಕು ಅಂತ ಬಂದಿದೆ.”

ಅಧಿಕಾರಿಗಳು ಇಂಗ್ಲಿಷಿನಲ್ಲಿ ಕೇಳಿದರು, ಪ್ರೂಫು ನೋಡಿರಲಿಲ್ಲವೇ ಎಂದು. ಷಣ್ಮುಖಪ್ಪ ಕನ್ನಡದಲ್ಲೇ ಉತ್ತರ ಕೊಟ್ಟ.

“ನೋಡಿದ್ದೆ ಸಾರ್. ಆ ಮಾತಿನ ಅರ್ಥ ನನಗೆ ಸರಿಯಾಗಿ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಅನುಮಾನ ಇತ್ತು. ಕೇಳೋಕೆ ನಾಚಿಕೆ ಆಯ್ತು.”

ಯಾರೂ ನಗಲಿಲ್ಲ. ಅಧಿಕಾರಿಗಳು ಬರೆದುಕೊಳ್ಳತೊಡಗಿದರು.

ಚಿಕ್ಕಬೀರಮ್ಮ ಇವನನ್ನೇ ನೋಡುತ್ತಿದ್ದಳು. “ನಾನು ಕೇಳ್ದೆ ಬುದ್ಧಿ, ಈ ಡಾಕ್ಟ್ರನ್ನ,” ಎಂದಳು. “ಕುರಿ ಮೇವು ಬುಟ್ಟವಲ್ಲ, ಇವತ್ತೊಂದಿನ ಗೊಟ್ಟ ಬ್ಯಾಡ ಬುಡಿ ಅಂದೆ. ಬುಕ್ಕಿನಾಗೆ ಅಂಗೇ ಬರೆದವ್ರೆ ಕಣಮ್ಮ ಅಂದ್ರು. ಅದ್ನ ಬರೆದೋರು ನೀವೇನಾ?”

“ನಾನೇ ಕಣಮ್ಮ.”

“ಓ,” ಎಂದಳು. ಅಷ್ಟೇ. ಸೆರಗು ಸರಿಪಡಿಸಿಕೊಂಡು ಕುರಿಗಳ ಕಡೆ ಹೋದಳು.

ಸಣ್ಣಬೀರಯ್ಯ ಗಂಟಲು ಸರಿಮಾಡಿಕೊಂಡ. “ಉಳ್ದಿರೋವ್ಕೆ ಏನ್ ಮಾಡ್ಬೇಕು ಯೋಳಿ ಬುದ್ಧಿ. ಅವೂ ಸಪ್ಪಗವೆ.”

ಷಣ್ಮುಖಪ್ಪ ಅಂಗಿಯ ತೋಳು ಮಡಿಸಿ ಹಟ್ಟಿಯೊಳಗೆ ಹೋದ. ಒಂದೊಂದು ಕುರಿಯ ರೆಪ್ಪೆ ಬಿಡಿಸಿ ಕಣ್ಣು ನೋಡಿದ. ಹಳದಿ ತಿರುಗಿದವನ್ನು ಬೇರೆ ಮಾಡಿದ. ನೆರಳು, ನೀರು, ಬೆಲ್ಲದ ನೀರು, ತುತ್ತ ಮುಟ್ಟಿಸದ ಮೇವು. ಅದಕ್ಕಿಂತ ಹೆಚ್ಚಿನ ಔಷಧ ಅವನಿಗೂ ಗೊತ್ತಿರಲಿಲ್ಲ, ಯಾವ ಪುಸ್ತಕದಲ್ಲೂ ಇರಲಿಲ್ಲ. ರಜೆ ಹಾಕಿ ಆ ವಾರವೆಲ್ಲ ಬೀಚನಹಳ್ಳಿಯಲ್ಲೇ ಉಳಿದ. ಕೆಲವು ಬದುಕಿದವು, ಕೆಲವು ಅವನ ಕೈಯಲ್ಲೇ ಸತ್ತವು. ಚಿಕ್ಕಬೀರಮ್ಮ ದಿನವೂ ಅವನಿಗೆ ಮುದ್ದೆ ತಂದಿಡುತ್ತಿದ್ದಳು. ಇಟ್ಟವಳೇ ಕುರಿಗಳ ಕಡೆ ಹೋಗಿಬಿಡುತ್ತಿದ್ದಳು. ಚಲುವಯ್ಯ ಆ ವಾರ ಒಂದೇ ಒಂದು ಸಲ ಬಂದು, ಕುರಿಗಳನ್ನು ಮಾತ್ರ ನೋಡಿ ಹೋದ.

ಚಲುವಯ್ಯನ ಮೇಲಿನ ವಿಚಾರಣೆ ಕೈಬಿಟ್ಟರು. ಷಣ್ಮುಖಪ್ಪನಿಗೆ ಎಚ್ಚರಿಕೆಯ ಆದೇಶ ಬಂತು, ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರು ಹಿಂದಕ್ಕೆ ಹೋಯಿತು. ಮೈಸೂರಿನ ಸಭೆಗೆ ಹೋದಾಗ ಯಾರೂ ಅಡ್ಡಹೆಸರು ಹಿಡಿದು ಕರೆಯಲಿಲ್ಲ. ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಒಬ್ಬಿಬ್ಬರು ಊರಿನ ಮಳೆಯ ಬಗ್ಗೆ ವಿಚಾರಿಸಿದರು.

ಪತ್ರಿಕೆಯ ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ, ಜಾಹೀರಾತುಗಳ ಮೇಲೆ, ಸಣ್ಣಕ್ಷರದಲ್ಲಿ ತಿದ್ದುಪಡಿ ಅಚ್ಚಾಯಿತು. ಷಣ್ಮುಖಪ್ಪ ಅದನ್ನು ತೆಗೆದುಕೊಂಡು ಕೋಟೆಗೆ ಹೋದ. ಚಲುವಯ್ಯ ಆಸ್ಪತ್ರೆಯ ಮುಂದಿನ ಹೊಂಗೆಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ತಿದ್ದುಪಡಿ ಓದಿದ. ಮಡಿಸಿ ವಾಪಸು ಕೊಟ್ಟ.

“ಸರಿಯಾಗಿ ಅದೆ,” ಎಂದ. ಆಮೇಲೆ ಕೇಳಿದ: “ನಂಗೆ ಒಂದು ಹೇಳು. ನಿಮ್ಮ ಮನೇಲಿ ಮಜ್ಜಿಗೆ ಅನ್ನ ತಿಂದ್ನಲ್ಲ, ಆಗ ಗೊತ್ತಿತ್ತಾ ನಿಂಗೆ?”

ಷಣ್ಮುಖಪ್ಪ ಸುಳ್ಳು ಹೇಳಬಹುದಿತ್ತು. ಆಮೇಲೆ ಪತ್ರಿಕೆ ತೆಗೆದು ನೋಡಿದಾಗ ತಿಳಿಯಿತು ಎನ್ನಬಹುದಿತ್ತು. ಕೇಳಿದವನೂ ಅದನ್ನೇ ಕೇಳಬಯಸಿದ್ದನೇನೋ.

“ಗೊತ್ತಿತ್ತು,” ಎಂದ.

“ಬಸ್ಸಿನ ತಾವ ನಿಂತಿದ್ದಾಗ?”

“ಆಗಲೂ ಗೊತ್ತಿತ್ತು.”

ಚಲುವಯ್ಯ ತಲೆಯಾಡಿಸಿದ. “ಇಂಗ್ಲಿಷ್ ಬರ್ದೆ ಹೋದ್ರೆ ಏನ್ಲಾ ಆಯ್ತು. ನಾನು ಬರ್ಕೊಡ್ತಿರ್ಲಿಲ್ವಾ. ಅದ್ಕಲ್ಲ ನಂಗೆ ಬೇಜಾರು. ಆವತ್ತಿಂದ ಆ ಜೀಪು ಬರೋವರ್ಗೂ ನಾನು ತಕ್ಕಡಿ ಮುಂದೆ ಕೂತ್ಕೊಂಡು ಒಂದೇ ಸಮ ತೂಗಿದ್ದು ತೂಗಿದ್ದೇ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ.”

ಕ್ಷಮಿಸು ಎಂಬ ಮಾತು ಷಣ್ಮುಖಪ್ಪನ ಬಾಯಿಗೆ ಬಂದು, ಅದು ತೀರ ಸಣ್ಣದೆನ್ನಿಸಿ ನುಂಗಿಕೊಂಡ.

ಅಷ್ಟರಲ್ಲಿ ಕಾಕನಕೋಟೆಯ ಕಡೆಯಿಂದ ಗಾಡಿ ಬಂತು. ಕೊಂಬು ಮುರಿದು ರಕ್ತ ಸುರಿಯುತ್ತಿದ್ದ ಎತ್ತನ್ನು ಹಿಂದೆ ಕಟ್ಟಿಕೊಂಡು ಬಂದಿದ್ದರು. ಎತ್ತು ನೋವಿಗೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಚಲುವಯ್ಯ ಎದ್ದು, ಕಾಂಪೌಂಡರನ ಹೆಸರು ಕೂಗಿದ. ಕಾಂಪೌಂಡರು ಊಟಕ್ಕೆ ಹೋಗಿದ್ದ.

“ಮೂಗುದಾರ ಹಿಡ್ಕೊ,” ಎಂದ ಷಣ್ಮುಖಪ್ಪನಿಗೆ, ಅವನ ಮುಖ ನೋಡದೆ.

ಷಣ್ಮುಖಪ್ಪ ಮೂಗುದಾರ ಹಿಡಿದು, ಎತ್ತಿನ ಕುತ್ತಿಗೆಯನ್ನು ಕಂಬಕ್ಕೆ ಒತ್ತಿ ನಿಂತ. ಚಲುವಯ್ಯ ಗಾಯ ತೊಳೆದು, ಮುರಿದ ಚೂರನ್ನು ಗರಗಸದಲ್ಲಿ ಕೊಯ್ದು, ಟಾರು ಬಳಿದು ಬಟ್ಟೆ ಸುತ್ತಿದ. ಬಿಗಿ, ಸಡಿಲ, ಇನ್ನೊಂಚೂರು ಈ ಕಡೆ ಎಂಬಷ್ಟು ಮಾತು ಅವರ ನಡುವೆ ನಡೆಯಿತು. ಗಾಡಿಯವರು ಎತ್ತನ್ನು ಬಿಚ್ಚಿಕೊಂಡು ಹೋದರು. ಇಬ್ಬರೂ ಒಂದೇ ಬಾನಿಯಲ್ಲಿ ಕೈ ತೊಳೆದರು.

“ಬಸ್ಸಿಗೆ ಹೊತ್ತಾಯ್ತು ನಿಂಗೆ,” ಎಂದ ಚಲುವಯ್ಯ.

“ಬತ್ತೀನಿ,” ಎಂದ ಷಣ್ಮುಖಪ್ಪ.

ಇಷ್ಟು ವರ್ಷ ಚಲುವಯ್ಯ ಬಸ್ಸಿನವರೆಗೂ ಬಂದು ಹತ್ತಿಸಿ ಹೋಗುತ್ತಿದ್ದ. ಈ ಸಲ ಒಳಗೆ ಹೋಗಿ ಗರಗಸ ಒರೆಸತೊಡಗಿದ. ಷಣ್ಮುಖಪ್ಪ ಒಬ್ಬನೇ ಪೇಟೆಯ ಬೀದಿ ಹಿಡಿದು ನಡೆದ. ಅಂಗಿಯ ತೋಳಿನ ಮೇಲೆ ಎತ್ತಿನ ರಕ್ತ ಇನ್ನೂ ಹಸಿಯಾಗಿತ್ತು. ಎದುರಿಗೆ ಬಂದ ಇಬ್ಬರು ರೈತರು ಅವನು ಡಾಕ್ಟರೆಂದು ಗುರುತಿಸಿ ಕೈಮುಗಿದರು. ಅವನು ತಲೆ ತಗ್ಗಿಸಿಕೊಂಡು ಮುಂದೆ ಹೋದ.